ಕೆಸರಿಗಿಟ್ಟ ಐಸು

ಅಂಗಾರನನ್ನು ಕರೆಸಿದ್ದು ತೋಟದ ಕೆಲಸಕ್ಕೆ. ವೀಸಾದಲ್ಲಿ ಹಾಗೇ ಬರೆದಿತ್ತು, ಗಾರ್ಡನ್ ಹೆಲ್ಪರ್ ಅಂತ. ಮಂಗಳೂರಿನ ಏಜೆಂಟ್ ಗುಲಾಬಿ ಗಿಡ, ಹುಲ್ಲುಹಾಸು, ಕಾರಂಜಿ ಎಂದೆಲ್ಲ ಬಣ್ಣ ಕಟ್ಟಿದ್ದ. ಅಬುಧಾಬಿಯಲ್ಲಿ ಇಳಿದ ಮರುದಿನ ಕಂಪನಿಯ ಬಸ್ಸು ಅವನನ್ನು ಊರಾಚೆಯ ಸಮುದ್ರದ ಹಿನ್ನೀರಿಗೆ ತಂದು ಇಳಿಸಿತು. ಎದುರಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಕಾಡು. ಕಾಡಿನ ಬುಡದಲ್ಲಿ ಕೆಸರು. ಅದೇ ತೋಟ.

ಎರಡು ಸಾವಿರದ ಹದಿನೈದರ ಬೇಸಿಗೆ ಅದು. ಕೆಲಸವನ್ನು ಹೇಳುವುದು ಸುಲಭ. ಆಳೆತ್ತರವನ್ನೂ ಮೀರಿದ ಒಂದು ಉಕ್ಕಿನ ಕೊಳವೆ. ಅದನ್ನು ಕೆಸರಿಗೆ ಚುಚ್ಚಬೇಕು. ಮೇಲಿನ ಅಡ್ಡ ಹಿಡಿಕೆಗೆ ಇಬ್ಬರು ಜೋತುಬಿದ್ದು ತಿರುಗಿಸಬೇಕು. ಅಡಿಯ ಗಟ್ಟಿ ಮರಳು ತಾಗುವ ತನಕ ಇಳಿಸಬೇಕು. ಆಮೇಲೆ ಎಲ್ಲರೂ ಅಪ್ಪಿ ಹಿಡಿದು ಮೇಲೆಳೆಯಬೇಕು. ಕೆಸರು ಅಷ್ಟು ಸುಲಭಕ್ಕೆ ಬಿಡುವ ಜಾತಿಯದಲ್ಲ. ಕೊಳವೆ ಒಂದು ಗೇಣು ಮೇಲೆ ಬಂದರೆ ಎಳೆಯುವವರು ಒಂದು ಗೇಣು ಕೆಳಗೆ ಹೋಗುತ್ತಿದ್ದರು. ತೊಡೆಯ ತನಕ ಹೂತು, ಸೊಂಟ ಸೆಟೆದು, ಕಣ್ಣಿಗೆ ಬೆವರು ಇಳಿದು, ಕಡೆಗೆ ಕೊಳವೆ ಕಿತ್ತು ಬಂದಾಗ ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆಯುತ್ತಿತ್ತು. ಕಾಂಡ್ಲಾದ ಉಸಿರುಬೇರುಗಳು ಮೊಳೆ ನೆಟ್ಟ ಹಾಗೆ ಕೆಸರಿನಿಂದ ಮೇಲಕ್ಕೆ ಎದ್ದಿರುತ್ತವೆ. ಬೂಟು ಹಾಕಿದರೆ ಕಾಲು ಹೊರಗೆ ಬರುತ್ತದೆ, ಬೂಟು ಬರುವುದಿಲ್ಲ. ಹಾಗಾಗಿ ಬರಿಗಾಲು. ಸಂಜೆ ಕ್ಯಾಂಪಿನಲ್ಲಿ ಅಂಗಾಲಿನ ತೂತುಗಳಿಗೆ ಉಪ್ಪುನೀರು.

ಮೇಲೆ ಬಂದ ಕೆಸರಿಗೆ ಮಾತ್ರ ಬೇರೆಯೇ ಉಪಚಾರ. ಅದನ್ನು ಹದವಾಗಿ ತುಂಡು ಮಾಡುತ್ತಿದ್ದರು. ಬೆಳ್ಳಿಯಂಥ ಹಾಳೆಯಲ್ಲಿ ಸುತ್ತುತ್ತಿದ್ದರು. ಐಸು ತುಂಬಿದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ, ಎಸಿ ಹಾಕಿದ ದೊಡ್ಡ ಗಾಡಿಯಲ್ಲಿ ಲ್ಯಾಬಿಗೆ ಕಳಿಸುತ್ತಿದ್ದರು. ಕೆಸರು ತೆಗೆದವರು ಕಿಟಕಿಯ ಗಾಜು ಇಳಿಯದ ಲೇಬರ್ ಬಸ್ಸಿನಲ್ಲಿ ಬೇಯುತ್ತ ಮುಸಫ್ಫಾದ ಕ್ಯಾಂಪಿಗೆ ಹೋಗುತ್ತಿದ್ದರು.

"ಈ ದೇಶದಲ್ಲಿ ಹುಟ್ಟುವುದಾದರೆ ಕೆಸರಾಗಿ ಹುಟ್ಟಬೇಕು ಮಾರಾಯ" ಎನ್ನುತ್ತಿದ್ದ ಅದ್ರಾಮ.

ಅದ್ರಾಮ ಉಳ್ಳಾಲದ ಬ್ಯಾರಿ. ಐವತ್ತು ದಾಟಿದವ. ಅರ್ಧ ಆಯುಷ್ಯ ಗಲ್ಫಿನಲ್ಲೇ ಸವೆಸಿದವ. ಹೆಂಡತಿ ಆಸ್ಯಮ್ಮನ ಜೊತೆ ಬಾಳಿದ್ದಕ್ಕಿಂತ ಫೋನಿನಲ್ಲಿ ಜಗಳಾಡಿದ್ದೇ ಹೆಚ್ಚು ಎಂದು ಅವನೇ ನಗುತ್ತಿದ್ದ. ಕ್ಯಾಂಪಿನ ರೂಮಿನಲ್ಲಿ ಅಂಗಾರನದು ಮೇಲಿನ ಮಂಚ, ಅವನದು ಕೆಳಗಿನದು. ಬಂದ ದಿನ ಅದ್ರಾಮ ದೊಡ್ಡ ತಟ್ಟೆಗೆ ಅನ್ನ ಸುರುವಿ, ಮೀನಿನ ಸಾರು ಹೊಯ್ದು, ಕರೆದ. ಅಂಗಾರ ಗೋಡೆಗೆ ಒರಗಿ ನಿಂತೇ ಇದ್ದ. ಅವನು ಮುಲ್ಕಿ ಬಳಿಯ ಕೊರಗರ ಕಾಲನಿಯವ. ಅವನ ಅಪ್ಪ ಹೋಟೆಲಿನ ಹಿಂಬದಿಯಲ್ಲಿ ತೆಂಗಿನ ಗೆರಟೆಯಲ್ಲಿ ಚಾ ಕುಡಿದವ. ಬೇರೆಯವರ ತಟ್ಟೆ ಎಂದರೆ ಅಂಗಾರನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

"ಕೈ ಹಾಕು ಮಾರಾಯ. ಅನ್ನ ತಣಿಯುತ್ತದೆ."

"ನಾನು ಆಮೇಲೆ ಊಟ ಮಾಡ್ತೇನೆ, ಅದ್ರಾಮಾಕ."

"ಆಮೇಲೆ ಎಂತ ಉಂಟು? ಮುಳ್ಳು ಉಂಟು. ಬಾ."

ಅಂಗಾರ ಕೈ ಹಾಕಿದ. ಅಂದಿನಿಂದ ಇಬ್ಬರದೂ ಒಂದೇ ತಟ್ಟೆ. ಕೆಸರು ಏನೇ ಇರಲಿ, ಜಾತಿ ಕೇಳುವವರಿಲ್ಲದ ಊರು ಇದು ಎಂದು ಅಂಗಾರನಿಗೆ ಒಳಗೊಳಗೇ ಖುಷಿಯಾಗಿತ್ತು.

ಆ ಖುಷಿ ಡಾಕ್ಟರ್ ಶ್ರೀಕಂಠಯ್ಯನವರು ಬರುವ ತನಕ ಮಾತ್ರ ಬಾಳಿತು.

ಶ್ರೀಕಂಠಯ್ಯನವರು ಮೈಸೂರಿನವರು. ಕಂಪನಿಯ ಪರಿಸರ ವಿಭಾಗದ ಮುಖ್ಯಸ್ಥರು. ದುಬೈಯ ಜುಮೇರಾ ಲೇಕ್ ಟವರ್ಸಿನ ಒಂದು ಗಾಜಿನ ಟವರಿನಲ್ಲಿ ಅವರ ಆಫೀಸು. ಅಲ್ಲಿಂದ ಆಗಾಗ ಕಾಡು ನೋಡಲು ಬರುತ್ತಿದ್ದರು. ಎದೆಯ ತನಕ ಬರುವ ರಬ್ಬರಿನ ಚಡ್ಡಿಬೂಟು, ಅಗಲ ಟೋಪಿ, ಮುಖಕ್ಕೆ ಬಿಳಿ ಕ್ರೀಮು. ಕಾಡಿನ ಅಂಚಿನ ತನಕ ಬಂದು, ಮರದ ಹಲಗೆಯ ಮೇಲೆ ನಿಂತು, ಕೆಸರನ್ನು ದೇವರ ಮೂರ್ತಿ ನೋಡುವ ಹಾಗೆ ನೋಡುತ್ತಿದ್ದರು. ಕನ್ನಡದವರು ಇದ್ದಾರೆಂದು ತಿಳಿದು ಒಂದು ದಿನ ಭಾಷಣವನ್ನೇ ಬಿಗಿದರು.

"ನೋಡ್ರಪ್ಪಾ, ಇದು ಬರೀ ಕೆಸರಲ್ಲ. ಗಾಳಿಯಲ್ಲಿರೋ ಇಂಗಾಲಾನ ಈ ಮರ ಹೀರುತ್ತೆ. ಎಲೆ ಉದುರುತ್ತೆ, ಬೇರು ಸಾಯುತ್ತೆ, ಎಲ್ಲಾ ಕೆಸರಲ್ಲಿ ಹೂತುಕೊಳ್ಳುತ್ತೆ. ಉಪ್ಪುನೀರು ನಿಂತಿರುತ್ತೆ ನೋಡಿ, ಗಾಳಿ ಆಡಲ್ಲ, ಬೇಗ ಕೊಳೆಯಲ್ಲ. ನೂರಾರು ವರ್ಷ ಹಾಗೇ ಇರುತ್ತೆ. ಎಷ್ಟಿದೆ ಅಂತ ನಾವು ಅಳೆದು ಹೇಳಿದರೆ, ಅದನ್ನ ಕಾರ್ಬನ್ ಕ್ರೆಡಿಟ್ ಅಂತ ವಿಮಾನ ಕಂಪನಿಯವರು ಕೊಂಡುಕೊಳ್ತಾರೆ."

ಅದ್ರಾಮ ಕೆಸರಿನ ಕೈಯಿಂದ ಹಣೆ ಒರೆಸಿಕೊಂಡು ಕೇಳಿದ, "ಕೆಸರನ್ನು ವಿಮಾನದಲ್ಲಿ ಕೊಂಡು ಹೋಗ್ತಾರಾ ಸಾರ್?"

"ಇಲ್ಲಪ್ಪ. ಕೆಸರು ಇಲ್ಲೇ ಇರುತ್ತೆ."

"ಮತ್ತೆ ಅವರು ಕೊಂಡದ್ದು ಎಂತ?"

"ಅದು ಇಲ್ಲೇ ಇರುತ್ತೆ ಅನ್ನೋ ಮಾತು."

"ಹಾಗಾದ್ರೆ ಅವರು ಹೊಗೆ ಬಿಡುವುದನ್ನು ನಿಲ್ಲಿಸ್ತಾರಾ?"

"ನಿಲ್ಲಿಸೋಕಾಗುತ್ತಾ? ಬಿಡ್ತಾರೆ. ಆದರೆ ಇನ್ಮೇಲೆ ನೆಮ್ಮದಿಯಿಂದ ಬಿಡ್ತಾರೆ."

ಸೂಪರ್‌ವೈಸರ್ ಸ್ಟೀಫನ್ ಗಟ್ಟಿಯಾಗಿ ತಲೆಯಾಡಿಸಿದ. ಶಿರ್ವದ ಕೊಂಕಣಿ ಕ್ರಿಶ್ಚಿಯನ್. ಮೇಲಿನವರು ಏನು ಹೇಳಿದರೂ ತಲೆಯಾಡಿಸುವುದು ಅವನ ಕೆಲಸದ ಮುಖ್ಯ ಭಾಗ.

ಶ್ರೀಕಂಠಯ್ಯನವರ ಕಣ್ಣು ಅಂಗಾರನ ಮೇಲೆ ಬಿತ್ತು. "ನಿನ್ನ ಹೆಸರೇನಪ್ಪ?"

"ಅಂಗಾರ ಸಾರ್."

"ಅಂಗಾರ! ಅಂದ್ರೆ ಇದ್ದಿಲು ಕಣಯ್ಯ. ಕಾರ್ಬನ್ನೇ ನೀನು!" ತಮ್ಮ ಮಾತಿಗೆ ತಾವೇ ನಕ್ಕರು.

"ನಮ್ಮಲ್ಲಿ ಮಂಗಳವಾರ ಹುಟ್ಟಿದವರಿಗೆ ಇಡುವ ಹೆಸರು ಸಾರ್."

"ನಿಮ್ಮಲ್ಲಿ ಅಂದ್ರೆ? ಯಾವ ಪೈಕಿ?"

ಅಂಗಾರ ಕೊಳವೆಯನ್ನು ಬಿಗಿಯಾಗಿ ಹಿಡಿದುಕೊಂಡ. ಇಷ್ಟು ದೂರ ಸಮುದ್ರ ದಾಟಿ ಬಂದ ಪ್ರಶ್ನೆ. ಅದಕ್ಕೆ ವೀಸಾ ಬೇಕಾಗಿರಲಿಲ್ಲ.

"ಕೊರಗರು ಸಾರ್."

ಶ್ರೀಕಂಠಯ್ಯನವರು ಹಲಗೆಯ ಮೇಲೆ ಅರ್ಧ ಹೆಜ್ಜೆ ಹಿಂದೆ ಸರಿದರು. ಕೆಸರಿನ ನಾತಕ್ಕೆ ಎಂದು ನೋಡಿದವರು ತಿಳಿಯಬಹುದಿತ್ತು. ಆಮೇಲೆ ಅವರ ಮುಖ ಬೆಳಗಿತು. ಹಿಂದೆ ಕ್ಯಾಮೆರಾ ಹಿಡಿದು ನಿಂತಿದ್ದ ಹುಡುಗಿಯ ಕಡೆ ತಿರುಗಿದರು. ಅವಳು ಮಂಗಳೂರು ಕಡೆಯ ರೀಮಾ, ಕಂಪನಿಯ ಪ್ರಚಾರದ ಕೆಲಸದವಳು.

"ರೀಮಾ, ನೋಟ್ ದಿಸ್. ಬುಡಕಟ್ಟು ಜನಾಂಗ! ಕೆಸರು ಇವರಿಗೆ ರಕ್ತದಲ್ಲೇ ಬಂದಿರುತ್ತೆ. ಇಂಡಿಜಿನಸ್ ನಾಲೆಜ್ ಅಂತ ರಿಪೋರ್ಟಲ್ಲಿ ಒಂದು ಪ್ಯಾರಾ ಹಾಕು. ಕೊಳ್ಳೋರು ಬಹಳ ಇಷ್ಟಪಡ್ತಾರೆ."

ರೀಮಾ ಫೋಟೋ ತೆಗೆದಳು. "ಸ್ಮೈಲ್ ಪ್ಲೀಸ್, ಅಂಗಾರ."

ಅಂಗಾರನ ಅಜ್ಜನನ್ನು ಕಂಬಳದ ಮುನ್ನಾದಿನ ಗದ್ದೆಗೆ ಇಳಿಸುತ್ತಿದ್ದರು. ಕೋಣ ಓಡುವ ಮೊದಲು ಕೊರಗರು ಓಡಬೇಕು. ಕೆಸರಿನಲ್ಲಿ ಗಾಜೋ ಮುಳ್ಳೋ ಇದ್ದರೆ ಅವರ ಕಾಲಿಗೆ ಹೊಕ್ಕಲಿ, ಕೋಣನ ಕಾಲು ಉಳಿಯಲಿ ಎಂದು. ಅಜ್ಜನ ಅಂಗಾಲಿನಲ್ಲಿ ಒಂದು ಗಾಜಿನ ಚೂರು ಸಾಯುವ ತನಕ ಇತ್ತು. ಅದಕ್ಕೆ ಇಂಡಿಜಿನಸ್ ನಾಲೆಜ್ ಎನ್ನುತ್ತಾರೆಂದು ಪಾಪ, ಅಜ್ಜನಿಗೆ ಯಾರೂ ಹೇಳಿರಲಿಲ್ಲ.

ಅಂದು ಊಟಕ್ಕೆ ಅಂಗಾರ ಮತ್ತೆ ಗೋಡೆಗೆ ಒರಗಿ ನಿಂತ. ಅದ್ರಾಮ ತಟ್ಟೆಯನ್ನು ಎತ್ತಿಕೊಂಡು ಗೋಡೆಯ ಬಳಿಗೇ ಬಂದು ಕುಳಿತ.

ಆಗಸ್ಟ್ ಬಂತು. ಬೇಸಿಗೆಯಲ್ಲಿ ನಡುಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಆ ದೇಶದ ಕಾನೂನು. ಮಧ್ಯಾಹ್ನವಾದರೆ ಕಟ್ಟಡದ ಕೆಲಸದವರೆಲ್ಲ ನೆರಳಿಗೆ ಹೋಗುತ್ತಾರೆ. ಆದರೆ ಆ ವಾರ ಸಮುದ್ರದ ಇಳಿತ ಬಂದದ್ದು ಮಧ್ಯಾಹ್ನಕ್ಕೇ. ನೀರು ಇಳಿಯದೆ ಕೊಳವೆ ಇಳಿಯದು. ಕೊಳ್ಳುವ ವಿಮಾನ ಕಂಪನಿಯ ಅತಿಥಿಗಳು ಸಂಜೆ ಬರುವವರಿದ್ದರು. ಅವರ ಮುಂದೆ ಹೊಸ ಸ್ಯಾಂಪಲ್ ಇಡಬೇಕು.

"ಸ್ಟೀಫನಣ್ಣ, ಈಗ ಬ್ರೇಕ್ ಅಲ್ವಾ?" ಎಂದು ಅಂಗಾರ ಕೇಳಿದ.

"ಅದು ಕನ್‌ಸ್ಟ್ರಕ್ಷನ್ ಸೈಟಿಗೆ. ಇದು ಕಾಡು ಅಂತ ಸಾರ್ ಹೇಳಿದ್ದಾರೆ. ಕಾಡಿನಲ್ಲಿ ನೆರಳು ಉಂಟು. ನೆರಳಿನಲ್ಲಿ ಮಾಡಿದ್ದು ಬಿಸಿಲಿನ ಕೆಲಸ ಆಗುವುದಿಲ್ಲ. ಯಲ್ಲಾ, ಇಳಿಯಿರಿ."

ಅಲ್ಲಿಯ ಕಾಂಡ್ಲಾ ಮರಗಳು ಅಂಗಾರನ ಎದೆಮಟ್ಟ. ಅವುಗಳ ನೆರಳಿನಲ್ಲಿ ಒಂದು ಕೋಳಿ ನಿಲ್ಲಬಹುದು, ಅದೂ ತಲೆ ತಗ್ಗಿಸಿ. ಇಳಿದರು. ಗಾಳಿ ಇರಲಿಲ್ಲ. ಕೆಸರು ಕುದಿಯುವ ಗಂಜಿಯ ಹಾಗಿತ್ತು. ಕುಡಿಯುವ ನೀರಿನ ಕ್ಯಾನು ಬಸ್ಸಿನಲ್ಲಿತ್ತು. ಬಸ್ಸು ಬೇರೆ ಸೈಟಿಗೆ ಹೋಗಿತ್ತು. ಒಂದು ಕೊಳವೆ ತೆಗೆದರು. ಇನ್ನೊಂದು ತೆಗೆದರು. ಮತ್ತೊಂದನ್ನು ಎಳೆಯುವಾಗ ಅದ್ರಾಮನ ಕೈ ಹಿಡಿಕೆಯಿಂದ ಜಾರಿತು. ಅವನು ಹಿಡಿಕೆಯನ್ನೇ ನೋಡುತ್ತ, "ಆಸ್ಯಾ, ಬಾಗಿಲು ತೆಗೆ" ಎಂದ.

"ಅದ್ರಾಮಾಕ?"

"ಬಾಗಿಲು ತೆಗೆಯೇ. ಎಷ್ಟು ಹೊತ್ತು ನಿಲ್ಲುವುದು?"

ಹಾಗೇ ಮುಖ ಕೆಳಗಾಗಿ ಬಿದ್ದ. ಅಂಗಾರ ಅವನನ್ನು ಮಗುಚಿ ಬಾಯಿಯ ಕೆಸರು ತೆಗೆದ. ಮೈ ಮುಟ್ಟಿದರೆ ಕಾದ ಕಾವಲಿ. ಬೆವರಿನ ಒಂದು ಹನಿ ಇಲ್ಲ. ಹೆಗಲಿಗೆ ಹಾಕಿಕೊಂಡು ಹೊರಟ. ಕೆಸರು ಇಬ್ಬರ ಭಾರವನ್ನೂ ಕೆಳಗೆಳೆಯಿತು. ಉಸಿರುಬೇರುಗಳು ಅಂಗಾಲಿಗೆ ಹೊಕ್ಕವು. ಕಾಡಿನ ಅಂಚಿನಲ್ಲಿ ಎಸಿ ಗಾಡಿ ಸಣ್ಣಗೆ ಗುರುಗುಡುತ್ತ ನಿಂತಿತ್ತು. ಒಳಗೆ ಶ್ರೀಕಂಠಯ್ಯನವರು ಕಣ್ಣು ಮುಚ್ಚಿ ಕುಳಿತಿದ್ದರು. ಸ್ಟೀಫನ್ ಓಡಿ ಹೋಗಿ ಗಾಜು ತಟ್ಟಿದ. ಗಾಜು ಎರಡು ಬೆರಳು ಇಳಿಯಿತು.

"ಸಾರ್, ಅದ್ರಾಮ ಬಿದ್ದಿದ್ದಾನೆ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಮರಳಿನ ದಾರಿ, ಬರುವಾಗ ತಡ ಆಗ್ತದಂತೆ. ಗಾಡಿಯಲ್ಲಿ ಹಾಕಿದ್ರೆ..."

"ಅವನ ಮೈ ನೋಡ್ರೀ. ಪೂರ್ತಿ ಕೆಸರು. ಸಂಜೆ ಗೆಸ್ಟ್‌ಗಳನ್ನ ಕರ್ಕೊಂಡು ಬರೋದು ಇದೇ ಗಾಡೀಲಿ. ಬಸ್ ಕರೆಸಿ."

ಅದೇ ಕೆಸರು ಗಾಡಿಯ ಹಿಂಬದಿಯಲ್ಲಿ ಬೆಳ್ಳಿ ಹಾಳೆ ಹೊದ್ದು ಮಲಗಿತ್ತು. ಅದು ಸ್ಯಾಂಪಲ್. ಅದ್ರಾಮನ ಮೈಮೇಲೆ ಇದ್ದದ್ದು ಕೊಳೆ.

"ಐಸಾದರೂ ಕೊಡಿ ಸಾರ್" ಎಂದ ಅಂಗಾರ.

"ತಲೆ ಕೆಟ್ಟಿದ್ಯಾ? ಸ್ಯಾಂಪಲ್ ಬಿಸಿ ಆದ್ರೆ ಒಳಗಿರೋ ಸೂಕ್ಷ್ಮಜೀವಿಗಳು ಎದ್ದು ಇಂಗಾಲ ತಿಂದುಬಿಡ್ತವೆ. ಇಷ್ಟು ದಿನದ ಶ್ರಮ ಎಲ್ಲಾ ಹಾಳು."

"ಇವರು ಸಾಯ್ತಾ ಇದ್ದಾರೆ ಸಾರ್."

"ನೆರಳಲ್ಲಿ ಮಲಗಿಸಿ. ಸರಿಹೋಗ್ತಾನೆ."

ಅಂಗಾರ ಅದ್ರಾಮನನ್ನು ಮರಳಿನ ಮೇಲೆ ಇಳಿಸಿದ. ಗಾಡಿಯ ಹಿಂದಕ್ಕೆ ಹೋದ. ಬಾಗಿಲೆತ್ತಿದ. ಪೆಟ್ಟಿಗೆಯ ಮುಚ್ಚಳ ತೆಗೆದು ಬೋರಲು ಮಾಡಿದ. ಬೆಳ್ಳಿಯ ಪೊಟ್ಟಣಗಳು ದಡಬಡ ಬಿದ್ದವು. ನೂರಾರು ವರ್ಷಗಳಿಂದ ಮಲಗಿದ್ದ ಕೆಸರು ಮರಳಿನ ಮೇಲೆ ಒಡೆದು ಚೆಲ್ಲಿತು. ಅಂಗಾರ ಐಸನ್ನು ಬಾಚಿ ಬಾಚಿ ತಂದ. ಅದ್ರಾಮನ ಕತ್ತಿಗೆ, ಕಂಕುಳಿಗೆ, ತೊಡೆಸಂದಿಗೆ ಒತ್ತಿದ. ಎರಡನೆಯ ಪೆಟ್ಟಿಗೆಯನ್ನೂ ಬೋರಲು ಮಾಡಿದ.

ಆ ದಿನ ಮೊದಲ ಸಲ ಶ್ರೀಕಂಠಯ್ಯನವರು ಗಾಡಿಯಿಂದ ಇಳಿದರು. ಬಿಸಿಲು ನೆತ್ತಿಗೆ ಬಡಿಯಿತು. "ಥೂ, ಏನ್ ಬಿಸಿಲಪ್ಪಾ!" ಎಂದರು. ಆಮೇಲೆ ಕೂಗಿದರು, "ಏಯ್ ಕೊರಗಾ! ಮುಟ್ಟಬೇಡ್ವೋ ಅದನ್ನ!"

ಅಷ್ಟು ದಿನ ಅವರು ಆ ಮಾತನ್ನು ಇಂಗ್ಲಿಷಿನಲ್ಲಿ ಆಡುತ್ತಿದ್ದರು. ಈಗ ಕನ್ನಡದಲ್ಲಿ ಬಂತು.

ಅಂಗಾರ ಎದ್ದು ನಿಂತ. ಮೊಣಕೈ ತನಕ ಕೆಸರು, ಬೆರಳಿನಿಂದ ತೊಟ್ಟಿಕ್ಕುವ ನೀರು. "ಹೌದು ಸಾರ್. ಕೊರಗನೇ. ಸ್ವಲ್ಪ ಬದಿಗೆ ನಿಲ್ಲಿ."

ಅವರು ನಿಲ್ಲಲಿಲ್ಲ. ಅಂಗಾರ ಅವರ ಎದೆಯ ಮೇಲೆ ಕೈಯಿಟ್ಟು ಸರಿಸಿದ. ಬಿಳಿ ಅಂಗಿಯ ಮೇಲೆ ಐದು ಬೆರಳೂ ಮೂಡಿದವು. ಅದ್ರಾಮನನ್ನು ಎತ್ತಿ ಅತಿಥಿಗಳ ಸೀಟಿನಲ್ಲಿ ಮಲಗಿಸಿದ. "ಸ್ಟೀಫನಣ್ಣ, ಗಾಡಿ ಬಿಡಿ."

ಸ್ಟೀಫನ್ ಶ್ರೀಕಂಠಯ್ಯನವರನ್ನು ನೋಡಿದ. ಅದ್ರಾಮನನ್ನು ನೋಡಿದ. ತಲೆಯಾಡಿಸಲು ಯಾರೂ ಏನೂ ಹೇಳಲಿಲ್ಲ. ಗಾಡಿ ಹತ್ತಿದ. ಗಾಡಿ ಹೊರಟಿತು. ಶ್ರೀಕಂಠಯ್ಯನವರು ಲೇಬರ್ ಬಸ್ಸಿನಲ್ಲಿ ಮರಳಿದರೆಂದು ಕ್ಯಾಂಪಿನಲ್ಲಿ ಬಹಳ ದಿನ ಮಾತಿತ್ತು. ಕಿಟಕಿ ತೆಗೆಯಿರಿ, ಕಿಟಕಿ ತೆಗೆಯಿರಿ ಎಂದು ದಾರಿಯುದ್ದಕ್ಕೂ ಕೇಳಿದರಂತೆ.

ಅದ್ರಾಮ ಬದುಕಿದ. ಆದರೆ ನಾಲಿಗೆ ತೊದಲಿತು, ಬಲಗಾಲು ಎಳೆಯಿತು. ಕೆಲಸಕ್ಕೆ ಆಗದವನೆಂದು ಕಂಪನಿ ಅವನನ್ನು ಗಾಲಿಕುರ್ಚಿಯಲ್ಲಿ ಮಂಗಳೂರಿನ ವಿಮಾನ ಹತ್ತಿಸಿತು. ತಲುಪಿದ ದಿನ ಆಸ್ಯಮ್ಮ ಫೋನ್ ಮಾಡಿದಳು. ಅಂಗಾರ ಅವಳ ದನಿ ಕೇಳಿದ್ದು ಅದೇ ಮೊದಲು.

"ನೀನಾ ಅಂಗಾರ? ನಿನ್ನಿಂದ ಜೀವ ಉಳಿಯಿತು ಅಂತ ಹೇಳ್ತಾರೆ. ದೇವರು ಒಳ್ಳೇದು ಮಾಡಲಿ." ಆಮೇಲೆ ಹೇಳಿದಳು, "ಆದರೆ ಮಗ, ಬಂದದ್ದು ಅರ್ಧ ಮನುಷ್ಯ ಮಾತ್ರ. ನನ್ನ ಹತ್ರ ಜಗಳ ಮಾಡಲಿಕ್ಕೂ ಆಗುವುದಿಲ್ಲ ಅವರಿಗೆ. ಉಳಿದರ್ಧ ಎಲ್ಲಿ ಹೋಯ್ತು? ಯಾರಲ್ಲಿ ಕೇಳುವುದು ನಾನು?"

ಅಂಗಾರ ಫೋನ್ ಇಟ್ಟು ಖಾಲಿ ಮಂಚದ ಮೇಲೆ ಕುಳಿತ.

ಅವನನ್ನು ದುಬೈ ಆಫೀಸಿಗೆ ಕರೆದರು. ಖಲಾಸ್, ಇನ್ನು ಊರಿಗೇ ಎಂದುಕೊಂಡು ಚೀಲ ಕಟ್ಟಿಟ್ಟೇ ಹೋದ. ಗಾಜಿನ ಟವರಿನ ಮೇಲಿನ ಮಾಳಿಗೆ. ಒಳಗೆ ಕಾಲಿಟ್ಟರೆ ರೀಮಾ ಎದ್ದು ಬಂದು ಕೈ ಕುಲುಕಿದಳು. ಚಾ ತರಿಸಿದಳು. ಶ್ರೀಕಂಠಯ್ಯನವರು ನಗುತ್ತಿದ್ದರು. ಅಂಗಾರನಿಗೆ ಹೆದರಿಕೆ ಆಗಿದ್ದು ಆಗಲೇ.

ಆದದ್ದು ಇಷ್ಟು. ಆ ಸಂಜೆ ಬಂದ ಅತಿಥಿಗಳು ಗಾಡಿಯ ಸೀಟಿನಲ್ಲಿ ಕೆಸರು ಕಂಡು ಏನಿದು ಎಂದು ಕೇಳಿದ್ದರು. ಏನಾದರೂ ಹೇಳಲೇಬೇಕಲ್ಲ. ಒಬ್ಬ ಬಡ ಕಾರ್ಮಿಕನ ಜೀವ ಉಳಿಸಲು ನಮ್ಮ ಸ್ಯಾಂಪಲ್‌ಗಳನ್ನೇ ತ್ಯಾಗ ಮಾಡಿದೆವು ಎಂದು ಶ್ರೀಕಂಠಯ್ಯನವರು ಹೇಳಿಬಿಟ್ಟರು. ಅತಿಥಿಗಳ ಮುಖ್ಯಸ್ಥೆ, ಬೆಳ್ಳಿಕೂದಲಿನ ಒಬ್ಬ ಮೇಡಂ, ಅಲ್ಲೇ ಕಣ್ಣೀರು ಹಾಕಿದರು. ಕೊಳ್ಳುವುದಾದರೆ ಇಂಥವರ ಕೆಸರನ್ನೇ ಕೊಳ್ಳಬೇಕು ಎಂದರು.

"ಸೋ, ಒಂದು ಫಂಕ್ಷನ್ ಉಂಟು" ಎಂದಳು ರೀಮಾ. "ನಿಮಗೆ ಗ್ರೀನ್ ಹೀರೋ ಅವಾರ್ಡ್. ನೀವು ಸ್ಟೇಜಿನಲ್ಲಿ ಎರಡು ಮಾತು ಹೇಳಿದ್ರೆ ಸಾಕು. ಬೆಳಿಗ್ಗೆ ಹೊತ್ತು ಆದದ್ದು. ಅವರಿಗೆ ಮೊದಲೇ ಶುಗರ್ ಇತ್ತು. ಕಂಪನಿ ಐಸ್ ಕೊಟ್ಟಿತು, ಗಾಡಿ ಕೊಟ್ಟಿತು. ಹೆಸರು ಬೇಡ, ಒಬ್ಬ ಸಹೋದ್ಯೋಗಿ ಅಂದ್ರೆ ಸಾಕು."

"ಮಧ್ಯಾಹ್ನ ಆದದ್ದು ಮೇಡಂ."

"ಬೆಳಿಗ್ಗೆ ಅಂತ ಸ್ಟೀಫನ್ ಸ್ಟೇಟ್‌ಮೆಂಟ್ ಕೊಟ್ಟಾಗಿದೆ ಕಣಯ್ಯ" ಎಂದರು ಶ್ರೀಕಂಠಯ್ಯ. "ನಿನ್ನ ವೀಸಾ ರಿನ್ಯೂ ಆಗುತ್ತೆ. ಕೆಸರಿಗೆ ಇಳಿಯೋದು ಬೇಡ. ಫೀಲ್ಡ್ ಅಸೋಸಿಯೇಟ್ ಅಂತ ಮಾಡ್ತೀವಿ. ನನ್ನ ಅಂಗಿ ವಿಷಯ ನಾನು ಮರೆತಿದ್ದೀನಿ."

"ಮತ್ತೆ ಚೆಲ್ಲಿದ ಸ್ಯಾಂಪಲ್‌ನಿಂದ ಎಷ್ಟು ಇಂಗಾಲ ಗಾಳಿಗೆ ಹೋಯ್ತು ಅಂತ ಲೆಕ್ಕ ಹಾಕಿ, ಅದಕ್ಕೆ ಬದಲು ಒಂದು ಸಸಿ ನೆಟ್ಟಿದ್ದೇವೆ" ಎಂದು ರೀಮಾ ಹೆಮ್ಮೆಯಿಂದ ಹೇಳಿದಳು.

"ಅದ್ರಾಮಾಕನಿಗೆ ಬದಲು?"

"ಸಾರಿ?"

ಅಂಗಾರ ಚಾ ಮುಟ್ಟದೆ ಎದ್ದ. "ಫಂಕ್ಷನ್ನಿಗೆ ಬರ್ತೇನೆ" ಎಂದ. ಹೊರಗೆ ಲಿಫ್ಟಿನ ಬಳಿ ಸ್ಟೀಫನ್ ನಿಂತಿದ್ದ. "ನನಗೂ ಮಕ್ಕಳಿದ್ದಾರೆ ಮಾರಾಯ" ಎಂದ, ಯಾರೂ ಕೇಳದಿದ್ದರೂ.

ಸಮಾರಂಭ ನಡೆದದ್ದು ಅಬುಧಾಬಿಯಲ್ಲಿ, ಕಾಂಡ್ಲಾ ಕಾಡಿಗೆ ಮುಖ ಮಾಡಿದ ಹೋಟೆಲಿನಲ್ಲಿ. ಗೆಸ್ಟ್‌ಗಳು ಎಸಿಯಲ್ಲಿ ಕುಳಿತು ಗಾಜಿನಾಚೆಯ ಕಾಡನ್ನು ನೋಡಬಹುದಿತ್ತು. ಅಂಗಾರನಿಗೆ ಕಂಪನಿ ಹೊಸ ಅಂಗಿ ಕೊಟ್ಟಿತ್ತು. ಆದರೂ ಬಾಗಿಲಿನ ಗಾರ್ಡ್ ಅವನನ್ನು ಒಮ್ಮೆ ನೋಡಿ, ಹಿಂದಿನ ಸರ್ವಿಸ್ ಬಾಗಿಲಿಗೆ ಕೈ ತೋರಿಸಿದ. ಅಲ್ಲಿ ತಟ್ಟೆ ಲೋಟಗಳ ನಡುವೆ, ಕತ್ತಿನಲ್ಲಿ ಸಣ್ಣ ಶಿಲುಬೆ ತೊಟ್ಟ ಒಬ್ಬಳು ವೇಟ್ರೆಸ್ ನೀರಿನ ಜಗ್ಗು ತುಂಬಿಸುತ್ತಿದ್ದಳು. ಅವನ ಮುಖ ನೋಡಿ ಒಂದು ಗ್ಲಾಸು ನೀರು ಕೊಟ್ಟಳು. ಕುಡಿದು, ಉಪಕಾರ ಆಯ್ತು ಎಂದು ಅವನು ಬಾಯಿತಪ್ಪಿ ಕನ್ನಡದಲ್ಲೇ ಅಂದ.

"ಊರು ಎಲ್ಲಿ?"

"ಮುಲ್ಕಿ ಹತ್ರ, ಬಾಯಮ್ಮ."

"ಹೌದಾ! ನಂದು ಕಿನ್ನಿಗೋಳಿ. ಬಾಯಮ್ಮ ಎಲ್ಲ ಬೇಡ, ಮಾರ್ಟಿನಾ ಅಂತ ಹೇಳಿ. ಇಲ್ಲಿ ಎಂತ, ಕಿಚನ್ ಕೆಲಸಕ್ಕಾ?"

"ಅಲ್ಲ. ನನಗೆ ಅವಾರ್ಡ್ ಅಂತೆ."

ಮಾರ್ಟಿನಾ ನಕ್ಕುಬಿಟ್ಟಳು. ಅವನು ನಗದಿದ್ದದ್ದು ಕಂಡು ನಿಲ್ಲಿಸಿದಳು. "ಯಾಕೆ ಅವಾರ್ಡ್?"

ಅಂಗಾರ ಬಾಯಿ ತೆರೆಯುವಷ್ಟರಲ್ಲಿ ರೀಮಾ ಹುಡುಕಿಕೊಂಡು ಬಂದು ಕರೆದೊಯ್ದಳು.

ವೇದಿಕೆಯ ಮೇಲೆ ಕೆಸರು ತುಂಬಿದ ಒಂದು ಗಾಜಿನ ಕೊಳವೆಯನ್ನು ನಿಲ್ಲಿಸಿ ಬಣ್ಣದ ದೀಪ ಹಾಕಿದ್ದರು. ಬೆಳ್ಳಿಕೂದಲಿನ ಮೇಡಂ ಅಂಗಾರನ ಕೈಗೆ ಫಲಕ ಕೊಟ್ಟು ಅಪ್ಪಿಕೊಂಡರು. ಅವನು ತನ್ನ ಭಾಷೆಯಲ್ಲೇ ಮಾತಾಡಲಿ, ಅದೇ ಚೆಂದ ಎಂದರು. ಇಂಗ್ಲಿಷಿಗೆ ತಿರುಗಿಸಲು ಶ್ರೀಕಂಠಯ್ಯನವರು ಮೈಕಿನ ಪಕ್ಕ ನಿಂತರು. ಮೊದಲ ಸಾಲಿನಲ್ಲಿ ಸ್ಟೀಫನ್ ತನ್ನ ಬೂಟನ್ನು ನೋಡುತ್ತ ಕುಳಿತಿದ್ದ.

ಅಂಗಾರ ಹೇಳಿದ, "ಬಿದ್ದವರ ಹೆಸರು ಅದ್ರಾಮ. ಉಳ್ಳಾಲದವರು. ನನ್ನ ಜೊತೆ ಒಂದೇ ತಟ್ಟೆಯಲ್ಲಿ ಊಟ ಮಾಡ್ತಿದ್ದವರು."

ಶ್ರೀಕಂಠಯ್ಯನವರು ಇಂಗ್ಲಿಷಿನಲ್ಲಿ ಹೇಳಿದರು, "ಈ ಕಂಪನಿಯೇ ನನ್ನ ಕುಟುಂಬ ಎನ್ನುತ್ತಿದ್ದಾನೆ."

ಚಪ್ಪಾಳೆ.

"ಮಧ್ಯಾಹ್ನ ಕೆಲಸ ಮಾಡಿಸಬಾರದ ಹೊತ್ತಿನಲ್ಲಿ ಮಾಡಿಸಿದ್ರು. ಕುಡಿಯಲಿಕ್ಕೆ ನೀರು ಇರಲಿಲ್ಲ."

"ಕಷ್ಟದ ಹೊತ್ತಿನಲ್ಲಿ ಕಂಪನಿ ಕೈಬಿಡಲಿಲ್ಲ ಎನ್ನುತ್ತಿದ್ದಾನೆ."

ಚಪ್ಪಾಳೆ.

"ಐಸು ಕೇಳಿದೆ. ಕೆಸರಿಗೆ ಬೇಕು ಅಂತ ಈ ಸಾರ್ ಕೊಡಲಿಲ್ಲ. ನಾನೇ ಕಿತ್ಕೊಂಡೆ. ನನ್ನ ಜಾತಿ ಹೇಳಿ ಬೈದ್ರು."

ಶ್ರೀಕಂಠಯ್ಯನವರ ನಗು ಒಂದು ಗಳಿಗೆ ಅಲುಗಿತು. "ಐಸು ಒಂದು ಜೀವ ಉಳಿಸಿತು. ತನ್ನ ಬುಡಕಟ್ಟಿನ ಪರವಾಗಿ ಕೃತಜ್ಞತೆ ಹೇಳುತ್ತಿದ್ದಾನೆ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಳ್ಳಿಕೂದಲಿನ ಮೇಡಂ ಕಣ್ಣು ಒರೆಸಿಕೊಂಡರು. ಫ್ಯಾಮಿಲಿ, ಥ್ಯಾಂಕ್ಸ್ ಎನ್ನುವ ಇಂಗ್ಲಿಷ್ ಅಂಗಾರನಿಗೆ ಬರುತ್ತಿತ್ತು. ತನ್ನ ಮಾತು ಬಾಯಿಂದ ಹೊರಟು ಎರಡು ಮಾರು ಹೋಗುವಷ್ಟರಲ್ಲಿ ಏನಾಗುತ್ತಿದೆ ಎಂದು ತಿಳಿಯಿತು. ಅವನು ಕೂಗಿದರೂ ಅದು ಕೃತಜ್ಞತೆ ಆಗುತ್ತಿತ್ತು. ಅತ್ತರೂ ಆಗುತ್ತಿತ್ತು. 

ಆಗ ಹಾಲಿನ ಹಿಂಬದಿಯಿಂದ ಒಂದು ದನಿ ಕೇಳಿತು. ಇಂಗ್ಲಿಷಿನಲ್ಲಿ. "ಎಕ್ಸ್‌ಕ್ಯೂಸ್ ಮಿ. ಅವರು ಹಾಗೆ ಹೇಳಲಿಲ್ಲ."

ಎಲ್ಲರೂ ತಿರುಗಿದರು. ಮೇಜುಗಳ ನಡುವೆ ನೀರಿನ ಜಗ್ಗು ಹಿಡಿದು ಮಾರ್ಟಿನಾ ನಿಂತಿದ್ದಳು. ಮುಖ ಕೆಂಪಾಗಿತ್ತು. ಅವಳ ಮ್ಯಾನೇಜರ್ ಗೋಡೆಯ ಬಳಿಯಿಂದ ಅವಳ ಕಡೆ ಧಾವಿಸುತ್ತಿದ್ದ.

"ಒಂದು ಮಾತನ್ನೂ ಅವರು ಹಾಗೆ ಹೇಳಲಿಲ್ಲ" ಎಂದಳು ಮತ್ತೆ.

ಆಮೇಲೆ ಏನೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಂಗಾರನ ವೀಸಾ ಆ ವಾರವೇ ರದ್ದಾಯಿತು. ಮಾರ್ಟಿನಾಳನ್ನು ಮೊದಲು ಲಾಂಡ್ರಿಗೆ ಹಾಕಿದರು, ಆಮೇಲೆ ತೆಗೆದರು. ಅವಳು ದುಬೈಯ ಅಲ್ ಕುಸೈಸಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಹಿಡಿದಳು. ಆ ಹಿನ್ನೀರಿಗೆ ಇನ್‌ಸ್ಪೆಕ್ಟರುಗಳು ಬಂದರು, ಮಧ್ಯಾಹ್ನದ ಕೆಲಸ ನಿಂತಿತು. ವಿಮಾನ ಕಂಪನಿಯವರು ಆ ಕೆಸರನ್ನು ಕೊಳ್ಳಲಿಲ್ಲ, ಬೇರೆ ದೇಶದ ಕೆಸರನ್ನು ಕೊಂಡರು. ಅಲ್ಲಿ ಕೊಳವೆ ಎಳೆದವರು ಯಾರೆಂದು ಕೇಳಿದರೋ ಇಲ್ಲವೋ ತಿಳಿಯದು. ಶ್ರೀಕಂಠಯ್ಯನವರು ಬೇರೆ ಕಂಪನಿ ಸೇರಿದರು. ಈಗ ಕಾರ್ಮಿಕ ಕಲ್ಯಾಣದ ಸಲಹೆಗಾರರು. ಅಂಗಾರ ಊರಿಗೆ ಬಂದವನು ಮೊದಲು ಹೋದದ್ದು ಉಳ್ಳಾಲಕ್ಕೆ. ಅದ್ರಾಮನಿಗೆ ಅವನ ಗುರುತು ಹತ್ತಿತು.

ಇದೆಲ್ಲ ಆಮೇಲಿನದು. ಆ ಹಾಲಿನಲ್ಲಿ, ಆ ಹೊತ್ತಿಗೆ, ಮ್ಯಾನೇಜರ್ ಮಾರ್ಟಿನಾಳ ತೋಳು ಹಿಡಿದಿದ್ದ. ಬೆಳ್ಳಿಕೂದಲಿನ ಮೇಡಂ ಕೈಯೆತ್ತಿ ಅವನನ್ನು ತಡೆದರು. "ಹಾಗಾದರೆ ಏನು ಹೇಳಿದ?" ಎಂದು ಕೇಳಿದರು.

"ಮೇಡಂ, ಭಾಷೆ ಸ್ವಲ್ಪ ಬೇರೆ, ಈಕೆಗೆ ತಿಳಿದಿಲ್ಲ" ಎಂದು ಶ್ರೀಕಂಠಯ್ಯನವರು ಮೈಕಿಗೆ ಬಾಗಿದರು. ಅಂಗಾರ ಮೈಕನ್ನು ಅವರ ಬಾಯಿಯಿಂದ ದೂರ ತಿರುಗಿಸಿದ. ಫಲಕವನ್ನು ನೆಲದ ಮೇಲಿಟ್ಟ.

ಮಾರ್ಟಿನಾ ಜಗ್ಗನ್ನು ಹತ್ತಿರದ ಮೇಜಿನ ಮೇಲಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಅವನನ್ನೇ ನೋಡಿ ಹೇಳಿದಳು, "ಹೇಳಿ ಅಣ್ಣ. ಒಂದೊಂದೇ ಹೇಳಿ. ಗಡಿಬಿಡಿ ಬೇಡ."

"ಅವರ ಹೆಸರು ಅದ್ರಾಮ" ಎಂದ ಅಂಗಾರ.

ಮಾರ್ಟಿನಾ ಅದನ್ನು ಹೇಳಿದಳು. ಅವನು ಮುಂದಿನದನ್ನು ಹೇಳಿದ. ಅವಳು ಅದನ್ನೂ ಹೇಳಿದಳು. ಮಧ್ಯಾಹ್ನವನ್ನು ಹೇಳಿದರು. ಐಸನ್ನು ಹೇಳಿದರು. ಕೊರಗ ಎಂಬ ಬೈಗುಳವನ್ನು ಮಾರ್ಟಿನಾ ಕನ್ನಡದಲ್ಲೇ ಹೇಳಿ, ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿದಳು.  

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.